ವಲ್ಲಿಯ ಕೆಳಗೆ ಕೊಟ್ಟ ಮುಷ್ಟಿ

ನಾನು ಕಲಿತದ್ದು ನಾಲ್ಕನೇ ಇಯತ್ತೆ ತನಕ. ಅಮೆರಿಕಕ್ಕೆ ಹೋಗಿ ಬಂದವರು ಮುಗಿಲು ಮುಟ್ಟುವ ಕಟ್ಟಡ, ದೊಡ್ಡ ದೊಡ್ಡ ಅಂಗಡಿ, ಹಿಮ ಅಂತ ಬರೆಯುತ್ತಾರೆ. ನಾನು ಅದ್ಯಾವುದನ್ನೂ ಸರಿಯಾಗಿ ನೋಡಲಿಲ್ಲ. ಐದು ತಿಂಗಳು ಇದ್ದು ಬಂದೆ. ಈಗ ಕಣ್ಣು ಮುಚ್ಚಿದರೆ ಬರುವುದು ಒಂದು ಸುಟ್ಟ ಗುಡ್ಡ, ಆ ಗುಡ್ಡದ ಮೇಲೆ ನಾನು ಆಡಿದ ಒಂದು ಸುಳ್ಳು. ಅದನ್ನು ಬಾಯಿಂದ ಆಡಲಿಲ್ಲ, ಕೈಯಿಂದ ಆಡಿದೆ. ಹೇಗೆ ಅಂತ ಹೇಳುತ್ತೇನೆ.

ಮಗಳ ಮನೆಯ ಹಿತ್ತಲು

ಹಾವೇರಿ ಜಿಲ್ಲೆಯಾಗಿ ಆಗ ಎಂಟೋ ಒಂಬತ್ತೋ ವರ್ಷ ಆಗಿತ್ತು. ನನ್ನ ಅಳಿಯ ಮಂಜುನಾಥ ರಾಣೇಬೆನ್ನೂರಿನಲ್ಲಿ ಬೀಜದ ಕೆಲಸದಲ್ಲಿದ್ದವನು. ಟೊಮ್ಯಾಟೊ, ಮೆಣಸಿನ ಹೂವಿಗೆ ಹೆಣ್ಣುಮಕ್ಕಳ ಕೈಯಿಂದ ಪರಾಗ ಹಚ್ಚಿಸಿ ಬೀಜ ಮಾಡಿಸುವುದು. ಅಲ್ಲಿಂದ ಐಡಾಹೊ ಎಂಬ ರಾಜ್ಯದಲ್ಲಿ ಉಳ್ಳಾಗಡ್ಡಿ ಬೀಜದ ಹೊಲ ನೋಡಿಕೊಳ್ಳಲು ಹೋದ. ಮಗಳು ಸುಮಾ ಅಲ್ಲೇ ಹಡೆದಳು. ಬಾಣಂತನಕ್ಕೆ ಅಂತ ನನ್ನನ್ನು ಕರೆಸಿಕೊಂಡರು. ಕೂಸಿಗೆ ಮೂರು ತಿಂಗಳು ತುಂಬಿ, ಮಗಳು ತಾನೇ ಎರೆದುಕೊಳ್ಳಲು ಶುರು ಮಾಡಿದ ಮೇಲೆ ನನಗೆ ಕೆಲಸವೇ ಉಳಿಯಲಿಲ್ಲ.

ಆ ಊರು ನೋಡಲು ರಾಣೇಬೆನ್ನೂರಿನ ಆಚೆ ನಮ್ಮ ಮೇಡ್ಲೇರಿ ಕಡೆಯ ಹಾಗೆಯೇ ಇತ್ತು. ಹೊಳೆ, ಕಾಲುವೆ, ಗೋವಿನಜೋಳ, ಗಾಳಿ ಬಿಟ್ಟರೆ ಉಳ್ಳಾಗಡ್ಡಿ ವಾಸನೆ. ಮಂದಿ ಮಾತ್ರ ಇಲ್ಲ. ಬೆಳಗಿನಿಂದ ಸಂಜೆ ತನಕ ಬೀದಿಯಲ್ಲಿ ಒಬ್ಬರೂ ಹಾಯುವುದಿಲ್ಲ. ಹಾದರೂ ಕಾರಿನೊಳಗೆ. ನಮ್ಮೂರು ಬ್ಯಾಡಗಿಯಲ್ಲಿ ನಾನು ಕಟ್ಟೆಯ ಮೇಲೆ ಕೂತರೆ ಹತ್ತು ಮಂದಿ "ಊಟ ಆತೇನ್ರಿ ಗಂಗವ್ವ" ಅನ್ನುತ್ತಾರೆ. ಇಲ್ಲಿ ಹಿತ್ತಲ ಮೆಟ್ಟಿಲ ಮೇಲೆ ಕೂತು ಬೇಲಿಯಾಚೆಯ ಮುದುಕನನ್ನು ನೋಡುವುದೊಂದೇ ಉದ್ಯೋಗ.

ಆ ಮುದುಕನ ಹೆಸರು ವಾಲ್ಟ್. ನನ್ನ ವಾರಿಗೆಯವನೇ. ನನ್ನ ಬಾಯಿಗೆ ಬಂದು ವಾಲಪ್ಪ ಆದ. ದಿನಾ ಸಂಜೆ ಹುಲ್ಲಿನ ಪೆಂಡಿಗೆ ಬಾಣ ಹೊಡೆಯುತ್ತಿದ್ದ. ಒಂದು ದಿನ ಬಾಣ ಪೆಂಡಿ ತಪ್ಪಿ ಹುಲ್ಲಿಗೆ ಬಿತ್ತು. ಆತ ಅದರ ಮೇಲೆಯೇ ಹಿಂದಕ್ಕೆ ಮುಂದಕ್ಕೆ ಅಡ್ಡಾಡುತ್ತಾನೆ, ಕಾಣವಲ್ಲದು. ಬಾಣದ ಗರಿ ಒಳ್ಳೆ ಬ್ಯಾಡಗಿ ಕಾಯಿಯಂಥ ಕೆಂಪು. ನನಗೆ ತಡೆಯಲಾಗಲಿಲ್ಲ. ಬೇಲಿ ಸಂದಿಯಿಂದ ಹೋಗಿ ಎತ್ತಿ ಕೈಗೆ ಕೊಟ್ಟೆ.

"ಕಣ್ಣಾಗ ಮಣ್ಣು ಬಿದ್ದೈತೇನೋ ತಮ್ಮಾ? ಕಾಲ ಬುಡಕ ಇತ್ತಲ್ಲ!"

ಸುಮಾ ಒಳಗಿನಿಂದ ಓಡಿ ಬಂದಳು. "ಯವ್ವಾ, ಸುಮ್ನಿರು. ಆತಗ ಕನ್ನಡ ಬರಾಂಗಿಲ್ಲ ಖರೇ, ದನಿ ತಿಳೀತೈತಿ."

ಆಮೇಲೆ ಆತನ ಕೂಡ ಮಾತಾಡಿ ನನಗೆ ಹೇಳಿದಳು. ಹುಟ್ಟಿದಾಗಿನಿಂದ ಆತನಿಗೆ ಕೆಂಪು, ಹಸಿರು ಎರಡೂ ಒಂದೇ ಥರ ಕಾಣುತ್ತವಂತೆ.

"ಮತ್ತ ಕೆಂಪು ಗರಿ ಯಾಕ ಕಟ್ಟ್ಯಾನ?"

"ಆತನ ಹೆಂಡ್ತಿ ಕಟ್ಟಿದ್ಲಂತ. ಹುಡುಕಾಕಿ ಆಕಿ ಇದ್ಲಲ್ಲ, ಆಕಿ ಕಣ್ಣಿಗೆ ಕಂಡ್ರ ಸಾಕಿತ್ತು. ಹೋಗಿ ಎರಡು ವರ್ಷಾತು."

ನಾನು ನಲವತ್ತು ವರ್ಷ ಬ್ಯಾಡಗಿಯಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ಕೂತವಳು. ಕಾಯಿಯ ತುಂಬು, ಅಂದರೆ ತೊಟ್ಟು, ಮುರಿಯುವುದು, ಬಿಳಚಿದ ಕಾಯಿ ಆರಿಸಿ ಆಚೆ ಒಗೆಯುವುದು. ಕೆಂಪಿನಲ್ಲಿ ಎಷ್ಟು ಬಗೆ ಇದೆ ಅಂತ ನನ್ನನ್ನು ಕೇಳಬೇಕು. ಕೆಂಪೇ ಕಾಣದ ಮನುಷ್ಯ ಇರುತ್ತಾನೆ ಅಂತ ಗೊತ್ತಾದದ್ದು ಅವತ್ತು.

ನಾಲ್ಕು ದಿನ ಬಿಟ್ಟು ವಾಲಪ್ಪ ಟೊಪ್ಪಿಗೆ ಕೈಯಲ್ಲಿ ಹಿಡಿದುಕೊಂಡು ಬಾಗಿಲಿಗೆ ಬಂದ. ಮಂಜುನಾಥ ಆತನ ಮಾತು ನನಗೆ ತಿಳಿಸಿದ. ಅಲ್ಲಿ ಎಲ್ಕ್ ಎಂಬ ಪ್ರಾಣಿ ಇದೆ. ನಮ್ಮ ಕಡವೆಯ ದೊಡ್ಡಣ್ಣ. ಎತ್ತಿಗಿಂತ ಎತ್ತರ. ಗಂಡಿನ ತಲೆಯ ಮೇಲೆ ಒಣಗಿದ ಜಾಲಿ ಕಂಟಿಯಷ್ಟು ಕೋಡು. ಅದನ್ನು ಹೊಡೆಯಲು ಸರಕಾರ ಚೀಟಿ ಕೊಡುತ್ತದೆ. ಬಂದೂಕಿನವರ ಪಾಳಿ ಆಮೇಲೆ, ಮೊದಲ ಪಾಳಿ ಬಿಲ್ಲಿನವರದು. ವಾಲಪ್ಪನ ಚೀಟಿ ಗಂಡಿಗೆ ಮಾತ್ರ. ಆರೇಳು ವರ್ಷದ ಹಿಂದೆ ಬೆಂಕಿ ಬಿದ್ದು ಸುಟ್ಟ ಗುಡ್ಡದಲ್ಲಿ ಹೊಸ ಹುಲ್ಲು ಬಂದು ಅವು ಅಲ್ಲಿ ಸೇರುತ್ತವೆ. ಹೆಂಡತಿ ನೋಡಿ ಹೇಳುವಾಕೆ, ಈತ ಹೊಡೆಯುವವ. ಆಕೆ ಹೋದ ಮೇಲೆ ಎರಡು ವರ್ಷ ಒಬ್ಬನೇ ಹೋಗಿ ಬರಿಗೈಲಿ ಬಂದಿದ್ದಾನೆ. ಈ ಸಲ ಪಾಳಿ ಮುಗಿದ ಮರುದಿನವೇ ಭುಜದ ಆಪರೇಷನ್. ಅದಾದ ಮೇಲೆ ಬಿಲ್ಲು ಎಳೆಯುವ ಹಾಗಿಲ್ಲ ಅಂತ ಡಾಕ್ಟರು ಹೇಳಿಬಿಟ್ಟಿದ್ದಾರೆ.

"ಇದ ಕಡೀ ಸಲ ಅಂತ. ನೀವು ಬರೇ ನೋಡಿ ಹೇಳ್ರಿ ಸಾಕು ಅಂತಾನ, ಅತ್ತಿ."

ನಮ್ಮ ಮನೆಯಲ್ಲಿ ತಿನ್ನುವುದೂ ಇಲ್ಲ, ಕೊಲ್ಲುವುದೂ ಇಲ್ಲ. ಆದರೆ ಮನೆಯಲ್ಲಿ ಕೂತು ಕೂತು ನನಗೆ ಬೇಸರ ಹಿಡಿದಿತ್ತು.

"ನೋಡಾಕೇನ್ ರೊಕ್ಕಾ ಬೀಳತಾವೇನ? ಬರ್ತೀನನ್ನು" ಅಂದೆ. ಅವತ್ತೇ ಒಲ್ಲೆ ಅಂದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಸುಟ್ಟ ಗುಡ್ಡ, ಮೊದಲ ದಿನ

ತಲೆಗೆ ಕೊಬ್ಬರಿ ಎಣ್ಣೆ ಹಚ್ಚಬೇಡ ಅಂತ ಹೇಳಿ ಕಳಿಸಿದ. ಆ ಪ್ರಾಣಿ ವಾಸನೆಯನ್ನು ಮೈಲು ದೂರದಿಂದ ಹಿಡಿಯುತ್ತದಂತೆ. ಗಂಡ ಸತ್ತ ದಿನ ಬಿಟ್ಟರೆ ನಾನು ಎಣ್ಣೆ ಕಾಣದ ತಲೆಯಲ್ಲಿ ಹೊಸ್ತಿಲು ದಾಟಿದವಳಲ್ಲ. ಆದರೂ ತೊಳೆದುಕೊಂಡೆ. ಇಳಕಲ್ಲ ಸೀರೆಯ ಕೆಂಪು ಸೆರಗು ನಡೆಯುತ್ತದೋ ಇಲ್ಲವೋ ಅಂತ ಕೇಳಿಸಿದೆ. ವಾಲಪ್ಪ ನಕ್ಕ. ಎಲ್ಕಿಗೂ ತನ್ನ ಹಾಗೆಯೇ ಕೆಂಪು ಕಾಣುವುದಿಲ್ಲ ಅಂದ.

"ಅಂದ್ರ ಆ ಗುಡ್ಡದಾಗ ಕೆಂಪು ಕಾಣೂದು ನಿಮಗೊಬ್ಬರಿಗೇ, ಅತ್ತಿ" ಅಂದ ಮಂಜುನಾಥ.

ಖರೆಯೇ. ಗುಡ್ಡದ ಗಿಡಗಳೆಲ್ಲ ಸುಟ್ಟು ಕರಿ ಕಂಬವಾಗಿ ನಿಂತಿದ್ದವು. ಕೆಲವು ಸಿಪ್ಪೆ ಕಳಚಿ ಬೆಳ್ಳಗಾಗಿದ್ದವು. ಒಂದು ಎಲೆಯಿಲ್ಲ, ಒಂದು ಹಕ್ಕಿಗೂಡಿಲ್ಲ. ಅವುಗಳ ಕೆಳಗೆ ಸೊಂಟದೆತ್ತರ ಒಂದು ಕಸ ಬೆಳೆದಿತ್ತು. ಬೆಂಕಿ ಬಿದ್ದಲ್ಲೇ ಹುಟ್ಟುವ ಕಸವಂತೆ. ಸೆಪ್ಟೆಂಬರಿನಲ್ಲಿ ಅದರ ಎಲೆ ಪೂರಾ ಕೆಂಪಗಾಗಿ, ಇಡೀ ಗುಡ್ಡ ನಮ್ಮ ಮಾರ್ಕೆಟ್ ಯಾರ್ಡಿನಲ್ಲಿ ಕಾಯಿ ಸುರುವಿದ ಹಾಗೆ ಕಾಣುತ್ತಿತ್ತು. ನಾನು ಬಾಯಿ ತೆರೆದು ನಿಂತೆ. ವಾಲಪ್ಪನಿಗೆ ಅದೆಲ್ಲ ಒಣ ಹುಲ್ಲು.

ಬಿದ್ದ ಮರವೊಂದರ ಮೇಲೆ ಇಬ್ಬರೂ ಕೂತೆವು. ಮಂಜುನಾಥ ಕೆಳಗೆ ರಸ್ತೆಯಲ್ಲಿ ಗಾಡಿಯ ಹತ್ತಿರ ಉಳಿದ. ಹಸಿವಾಗಿ ನಾನು ಊರಿಂದ ತಂದ ಖಡಕ್ ರೊಟ್ಟಿ ಮುರಿದೆ. ಆ ಗಪ್‌ಚಿಪ್ಪಿನಲ್ಲಿ ಅದು ಟೊಂಗೆ ಮುರಿದಷ್ಟು ಸಪ್ಪಳ ಮಾಡಿತು. ವಾಲಪ್ಪ ಬಿಲ್ಲಿಗೆ ಕೈ ಹಾಕಿ ಎದ್ದೇ ಬಿಟ್ಟ. ಆಮೇಲೆ ನನ್ನ ಕೈಯಲ್ಲಿನ ರೊಟ್ಟಿ ನೋಡಿ ಕೂತ.

ಸ್ವಲ್ಪ ಹೊತ್ತಿಗೆ ಕೆಳಗಿನ ಕಣಿವೆಯಿಂದ ಒಂದು ಕೂಗು ಬಂತು. ಎಣ್ಣೆ ಕಾಣದ ಬಾವಿ ಗಡಗಡಿ ಕಿರುಗುಟ್ಟಿದ ಹಾಗೆ ಶುರುವಾಗಿ, ಮೇಲೆ ಮೇಲೆ ಹೋಗಿ ಸಿಳ್ಳೆಯಾಗಿ ನಿಂತಿತು. ಇಷ್ಟು ದೊಡ್ಡ ಮೈಯ ಗಂಡಿಗೆ ಇಂಥಾ ಕೀಚಲು ದನಿಯೇ ಅಂತ ನನಗೆ ನಗು ಬಂತು. ಅಷ್ಟರಲ್ಲಿ ಕರಿ ಕಂಬಗಳ ನಡುವೆ ಐದಾರು ಹೆಣ್ಣು ಕಂಡವು. ನಾನು ಮಾಡಿದ ಕೆಲಸ ಕೇಳಿ. ಎದ್ದು ನಿಂತು, ಕಲ್ಲೆತ್ತಿಕೊಂಡು, "ಹೋಯ್! ಹಾ! ಹಾ! ಹಾ!" ಅಂತ ಗುಡ್ಡವೇ ಅದುರುವ ಹಾಗೆ ಕೂಗಿದೆ.

ನನ್ನ ತವರು ರಾಣೇಬೆನ್ನೂರಿನ ಕಡೆ, ಚಿಗರಿ ಜಿಂಕೆಗಳ ಅಡವಿಯ ಅಂಚಿಗೆ. ಎಂಟು ವರ್ಷದವಳಿದ್ದಾಗಿನಿಂದ ಅಪ್ಪ ನನ್ನನ್ನು ಹೊಲದ ಅಟ್ಟಣಿಗೆ ಮೇಲೆ ಕೂರಿಸುತ್ತಿದ್ದ. ಜೋಳದಲ್ಲಿ ಚಿಗರಿ ಕಂಡರೆ ಕೂಗುವುದೇ ನನ್ನ ಕೆಲಸ. ಅರವತ್ತು ವರ್ಷವಾದರೂ ಆ ಕೂಗು ಗಂಟಲಲ್ಲೇ ಕೂತಿತ್ತು.

ಎಲ್ಕುಗಳು ದಿಕ್ಕೆಟ್ಟು ಓಡಿದವು. ವಾಲಪ್ಪ ಬಯ್ಯಲಿಲ್ಲ. ಟೊಪ್ಪಿಗೆ ತೆಗೆದು ಮುಖ ಮುಚ್ಚಿಕೊಂಡ. ಭುಜ ಅಲುಗುತ್ತಿದ್ದವು. ಅಳುತ್ತಾನೋ ನಗುತ್ತಾನೋ ಗೊತ್ತಾಗಲು ಹೊತ್ತು ಬೇಕಾಯಿತು. ನಗುತ್ತಿದ್ದ.

ಎರಡನೆಯ ದಿನ

ತಪ್ಪು ನನ್ನದು, ದಾರಿಯನ್ನೂ ನಾನೇ ಹುಡುಕಿದೆ. ನನ್ನ ಗಂಡ ದನದ ಸಂತೆಯಲ್ಲಿ ದಲಾಲಿ ಮಾಡುತ್ತಿದ್ದ. ಹೆಗಲ ಮೇಲಿನ ವಲ್ಲಿಯನ್ನು ಇಬ್ಬರ ಕೈ ಮೇಲೆ ಹಾಸುವುದು, ಅದರ ಕೆಳಗೆ ಬೆರಳು ಒತ್ತಿ ಬೆಲೆಯ ಮಾತು ಮುಗಿಸುವುದು. ಸುತ್ತ ನೂರು ಮಂದಿ ನಿಂತಿದ್ದರೂ ಒಬ್ಬರಿಗೂ ತಿಳಿಯುವುದಿಲ್ಲ. ಎತ್ತಿನ ವಯಸ್ಸು ಹೇಳುವಾಗ ನನ್ನ ಗಂಡನ ಬಾಯಿ ಎರಡು ವರ್ಷ ನುಂಗುತ್ತಿತ್ತು, ಅದು ನನಗೂ ಗೊತ್ತು. ಆದರೆ ವಲ್ಲಿಯ ಕೆಳಗೆ ಕೈ ಕೊಟ್ಟ ಮೇಲೆ ಆತ ಒಂದು ಸಲವೂ ಸುಳ್ಳು ಬೆರಳು ಕೊಟ್ಟದ್ದಿಲ್ಲ. ಹಾಗೆ ಕೊಟ್ಟವನನ್ನು ಸಂತೆಯಲ್ಲಿ ಯಾರೂ ಮಾತಾಡಿಸುತ್ತಿರಲಿಲ್ಲ.

ವಾಲಪ್ಪನ ಅಡುಗೆಮನೆಯಲ್ಲಿ ಮೇಜಿನ ಮೇಲೆ ವಲ್ಲಿ ಹಾಸಿ ಕಲಿಸಿದೆ. ಎಷ್ಟು ಹೆಣ್ಣು ಕಂಡವೋ ಅಷ್ಟು ಬೆರಳು. ಕೋಡಿನದು ಕಂಡರೆ ಹೆಬ್ಬೆರಳು. ಏನೂ ಇಲ್ಲ ಅಂದರೆ ಮುಷ್ಟಿ. ಕಂಡ ಕಡೆಗೆ ಕೈ ಜಗ್ಗುವುದು.

ಸುಮಾ ಹುಬ್ಬು ಏರಿಸಿದಳು. "ಯವ್ವಾ, ಪರಗಂಡಸಿನ ಕೈ ಹಿಡಕೊಂಡು ಕುಂದರತೀಯೇನ ದಿನಾ?"

"ಅರವತ್ತೆಂಟರಾಗ ಯಾರ ಕೈ ಹಿಡದ್ರೇನವ್ವ. ಓಡಿ ಹೋಗಾಕ ಮೊಣಕಾಲ ಬೇಕಲ್ಲ."

ಅಳಿಯ ಅದನ್ನು ಇಂಗ್ಲಿಷಿಗೆ ಮಾಡಿ ಹೇಳಿದ. ವಾಲಪ್ಪ ತನ್ನ ಮೊಣಕಾಲು ತಟ್ಟಿ ತೋರಿಸಿದ, ನನ್ನದೂ ಅದೇ ಕಥೆ ಅಂತ.

ಐದನೆಯ ದಿನ

ಅದು ನಡೆಯಿತು, ಬಹಳ ಚಲೋ ನಡೆಯಿತು. ಖಡಕ್ ರೊಟ್ಟಿಯನ್ನು ಮನೆಯಲ್ಲೇ ನೀರು ಚಿಮುಕಿಸಿ ಮೆತ್ತಗೆ ಮಾಡಿ ಒಯ್ಯುತ್ತಿದ್ದೆ. ಆತ ಗಾಳಿ ನೋಡಲು ಒಂದು ಡಬ್ಬಿಯಿಂದ ಹಿಟ್ಟಿನಂಥದ್ದು ಊದುತ್ತಿದ್ದ. ಕಣದಲ್ಲಿ ರಾಶಿ ತೂರಿದವಳಿಗೆ ಡಬ್ಬಿ ಯಾಕೆ? ಕಿವಿಯ ಹಿಂದೆ ತಣ್ಣಗಾದ ಕಡೆಯಿಂದ ಗಾಳಿ ಬರುತ್ತದೆ. ಎರಡು ದಿನದಲ್ಲಿ ಆತ ಡಬ್ಬಿ ಕಿಸೆಗೆ ಹಾಕಿ ನನ್ನ ಮುಖ ನೋಡತೊಡಗಿದ.

ಮೂರು ಬೆರಳು, ನಾಲ್ಕು ಬೆರಳು, ಒಂದು ದಿನ ಎಣಿಸಲು ಬೆರಳು ಸಾಲಲಿಲ್ಲ. ಕೆಂಪು ರಾಶಿಯಲ್ಲಿ ಬಿಳಚಿದ ಕಾಯಿ ಆರಿಸುವುದೂ ಇದೂ ಒಂದೇ. ಒಂದೊಂದೇ ಕಾಯಿ ನೋಡುತ್ತ ಕೂತರೆ ಸಿಗುವುದಿಲ್ಲ, ರಾಶಿಯನ್ನು ನೋಡಬೇಕು. ಸೇರದಿದ್ದದ್ದು ತಾನೇ ಕಣ್ಣಿಗೆ ಹಾಯುತ್ತದೆ. ನನಗಂತೂ ಹುಚ್ಚು ಹಿಡಿದಿತ್ತು. ಬೆಳಿಗ್ಗೆ ಕೋಳಿ ಕೂಗುವ ಹೊತ್ತಿಗೆ ಆತನಿಗಿಂತ ಮೊದಲು ನಾನೇ ಎದ್ದು ಕೂತಿರುತ್ತಿದ್ದೆ.

ಐದನೆಯ ದಿನ ಹೆಬ್ಬೆರಳು ಒತ್ತಿದೆ. ದೂರದಲ್ಲಿ ಕೋಡು. ಆತ ಬಗ್ಗಿಕೊಂಡು ಹೋದ. ಕಾಲು ತಾಸು ಆದ ಮೇಲೆ ಗಾಳಿ ತಿರುಗಿತು, ಅದು ತಲೆಯೆತ್ತಿ ಹೋಗಿಬಿಟ್ಟಿತು. ಆತ ಬೆವೆತು ಬಂದು ನನ್ನ ಪಕ್ಕ ಕೂತು, ವಲ್ಲಿಯ ಕೆಳಗೆ ಕೈ ಇಟ್ಟು ನನ್ನ ಹೆಬ್ಬೆರಳನ್ನು ಒಮ್ಮೆ ಒತ್ತಿದ. ಬೇಟೆ ತಪ್ಪಿದರೂ ಅವತ್ತು ಆತನ ಮುಖದ ಮೇಲೆ ಇದ್ದ ಕಳೆ ನಾನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಫೋನು

ಕಡೆಯ ದಿನದ ಹಿಂದಿನ ಸಂಜೆ ಸುಮಾ ಫೋನಿನ ಕಾರ್ಡು ಕೆರೆದು ನಂಬರು ಒತ್ತಿ ಬ್ಯಾಡಗಿಗೆ ಹಚ್ಚಿಕೊಟ್ಟಳು. ಆ ಕಡೆ ನನ್ನ ತಂಗಿ ಪಾರವ್ವ. ಸುಮಾ ಮೊದಲೇ ಎಲ್ಲಾ ಹೇಳಿಬಿಟ್ಟಿದ್ದಳು.

"ಏನಕ್ಕ, ಬ್ಯಾಟಿಗೆ ಹೊಂಟೀಯಂತಲ್ಲ! ಕೊರಳಾಗ ಲಿಂಗ, ಕೈಯಾಗ ಬಿಲ್ಲೇನು?"

"ಬಿಲ್ಲು ಆತನ ಕೈಯಾಗ. ನಂದು ನೋಡೂದಷ್ಟ."

"ನೋಡಿ ಬೆರಳ ಮಾಡಿ ತೋರಸಾಕಿ ಯಾರು? ನೀನ ಕೊಂದಂಗ ಆತು. ಓಣ್ಯಾಗ ಎಲ್ಲಾರಿಗೂ ಗೊತ್ತಾಗೇತಿ. ಮಠದ ಮನಿ ಸಾವಿತ್ರಕ್ಕ ಕೇಳಿದ್ರು, ಗಂಗವ್ವ ಬಂದ ಮ್ಯಾಲೆ ಆಕಿ ಕೈಯಾಗಿನ ನೀರು ಕುಡೀಬೇಕೋ ಬ್ಯಾಡೋ ಅಂತ. ನಾ ನಗಚಾಟಿಕಿ ಅಂತ ತೇಲಿಸಿಬಿಟ್ಟೆ."

ಪಾರವ್ವ ನಕ್ಕಳು. ನಾನೂ ನಕ್ಕೆ. ಫೋನು ಇಟ್ಟ ಮೇಲೆ ನಗು ಹೋಯಿತು, ಆ ಮಾತು ಉಳಿಯಿತು.

ಕಡೆಯ ದಿನ

ಅವತ್ತು ಆತ ಅಂಗಿಯ ಮೇಲಿನ ಗುಂಡಿ ತನಕ ಹಾಕಿಕೊಂಡು, ಗಡ್ಡ ಬೋಳಿಸಿಕೊಂಡು ಬಂದಿದ್ದ. ಲಗ್ನಕ್ಕೆ ಹೊರಟವನ ಹಾಗೆ. ಬಾಣ ಹೂಡಿ ಮೊಣಕಾಲ ಮೇಲೆ ಇಟ್ಟುಕೊಂಡ. ಅದೇ ಮರ, ಅದೇ ವಲ್ಲಿ. ಹೊತ್ತು ನಮ್ಮ ಬೆನ್ನ ಹಿಂದೆ ಏರುತ್ತಿತ್ತು, ಬಿಸಿಲು ಬೆನ್ನಿಗೇ ಬೀಳುತ್ತಿತ್ತು.

ಬಹಳ ಹೊತ್ತು ಏನೂ ಇರಲಿಲ್ಲ. ಆಮೇಲೆ ಇತ್ತು. ಬಂದದ್ದು ನಾನು ಕಾಣಲಿಲ್ಲ. ನೋಡಿದಾಗ ಅಲ್ಲಿ ನಿಂತಿತ್ತು, ನೂರು ಹೆಜ್ಜೆ ದೂರದಲ್ಲಿ, ಎದೆ ತನಕ ಕೆಂಪು ಕಸದೊಳಗೆ. ಮೈ ಒಣ ಜೋಳದ ಕಣಿಕೆಯ ಬಣ್ಣ, ಕೊರಳು ಕರಿ. ಎಡಗಡೆಯ ಕೋಡಿನ ತುದಿ ಮುರಿದಿತ್ತು. ಬಾಯಿಂದ ಹಬೆ ಬರುತ್ತಿತ್ತು. ಗಾಳಿ ನಮ್ಮ ಮುಖಕ್ಕೆ. ಎಲ್ಕಿನ ದನಿ ತೆಗೆಯಲು ಆತನ ಹತ್ತಿರ ಒಂದು ಕೊಳವೆ ಇತ್ತು, ಅದನ್ನು ಒಮ್ಮೆ ಊದಿದ್ದರೆ ಆ ಗಂಡು ನಮ್ಮ ಕಡೆಗೇ ಬರುತ್ತಿತ್ತು.

ವಾಲಪ್ಪನ ಕಣ್ಣು ಅದರ ಮೇಲೆ ಎರಡು ಸಲ ಹಾಯಿತು. ಕಾಣಲಿಲ್ಲ. ಅದು ಅಲುಗದೆ ನಿಂತಿತ್ತು, ಆತನಿಗೆ ಅದೂ ಒಂದು ಸುಟ್ಟ ಬೊಡ್ಡೆ. ಆದರೆ ನನ್ನ ಉಸಿರು ನಿಂತದ್ದು ಆತನಿಗೆ ತಿಳಿಯಿತು. ವಲ್ಲಿಯ ಕೆಳಗೆ ಆತನ ಕೈ ನನ್ನ ಕೈಯನ್ನು ಕೇಳಿತು.

ನಾನು ಮುಷ್ಟಿ ಕೊಟ್ಟೆ.

ಪ್ರಾಣಿಯ ಮೇಲಿನ ಕರುಣೆ ಅಂತ ಹೇಳಿದರೆ ನೀವು ನನ್ನನ್ನು ಹೊಗಳೀರಿ. ಅದು ಸುಳ್ಳು. ಐದನೆಯ ದಿನ ಹೆಬ್ಬೆರಳು ಒತ್ತುವಾಗ ನನಗೆ ಯಾವ ಕರುಣೆಯೂ ಬಂದಿರಲಿಲ್ಲ. ನನಗೆ ಆ ಹೊತ್ತಿನಲ್ಲಿ ಕಂಡದ್ದು ನಮ್ಮ ಓಣಿ. ಸಾವಿತ್ರಕ್ಕ ನೀರಿನ ತಂಬಿಗೆ ಮುಟ್ಟದೆ ಎದ್ದು ಹೋಗುವುದು. ಏಳು ಸಮುದ್ರ ದಾಟಿ ಹೋಗಿದ್ದೆ, ಓಣಿಯನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಹೋಗಿದ್ದೆ. ನನ್ನ ಕೈ ನನಗೆ ಸ್ವಚ್ಛ ಉಳಿದರೆ ಸಾಕಾಗಿತ್ತು. ಆತನ ಕೈ ಏನು ಕಾಯುತ್ತಿದೆ ಅಂತ ಗೊತ್ತಿದ್ದೂ.

ಆತ ಇನ್ನೊಮ್ಮೆ ಕೇಳಿದ. ಇನ್ನೊಮ್ಮೆ ಮುಷ್ಟಿ. ಆತ ನನ್ನ ಮುಷ್ಟಿಯ ಮೇಲೆ ತನ್ನ ಕೈ ಹಾಗೆಯೇ ಇಟ್ಟುಕೊಂಡು ಕೂತ. ಆ ಗಂಡು ನಿಧಾನಕ್ಕೆ ತಿರುಗಿ, ಕೋಡನ್ನು ಬೆನ್ನಿಗೆ ಆನಿಸಿ, ದಿಬ್ಬದ ಆಚೆ ಇಳಿಯಿತು. ಅಷ್ಟರ ಮೇಲೆ ಹೊತ್ತು ನೆತ್ತಿಗೆ ಬರುವ ತನಕ ಕೂತರೂ ಏನೂ ಬರಲಿಲ್ಲ.

ಗಾಡಿ ನಿಲ್ಲಿಸುವ ಜಾಗ

ಕೆಳಗೆ ಇಳಿದಾಗ ನಮ್ಮ ಗಾಡಿಯ ಪಕ್ಕ ಇನ್ನೊಂದು ಗಾಡಿ ನಿಂತಿತ್ತು. ಇಬ್ಬರು ಗಂಡಸರು, ಕೈತುಂಬ ರಕ್ತ, ಬಾಯಿತುಂಬ ನಗು. ಮಂಜುನಾಥ ಅವರ ಕೂಡ ನಿಂತಿದ್ದವನು ನಮ್ಮ ಕಡೆ ಓಡಿ ಬಂದ.

"ಅತ್ತಿ, ಬರ್ರಿ ನೋಡ್ರಿ! ಎಂಥಾದ್ದ ಹೊಡದಾರ! ಮ್ಯಾಲಿಂದ ದಿಬ್ಬ ಇಳದು ಸೀದಾ ಅವರ ಮುಂದ ಬಂತಂತ. ನಿಮ್ಮ ಕಡೆಯಿಂದನ ಬಂದಿರಬೇಕು."

ಗಾಡಿಯ ಹಿಂದೆ ಕೋಡು ಇತ್ತು. ಎಡಗಡೆಯ ತುದಿ ಮುರಿದಿತ್ತು.

ವಾಲಪ್ಪ ಹತ್ತಿರ ಹೋಗಿ ಆ ಮುರಿದ ತುದಿಯ ಮೇಲೆ ಬೆರಳಾಡಿಸಿದ. ಇಬ್ಬರಿಗೂ ಕೈ ಕೊಟ್ಟು ಏನೋ ಒಳ್ಳೆಯ ಮಾತು ಆಡಿದ. ನನ್ನ ಕಡೆ ಹೊರಳಿದ. ಈಗ ಕೇಳುತ್ತಾನೆ ಅಂತ ನಾನು ನಿಂತೆ. ಕೇಳಲಿಲ್ಲ. ಅಳಿಯನಿಗೆ ಎರಡು ಮಾತು ಹೇಳಿ ಗಾಡಿ ಹತ್ತಿದ.

"ಏನಂದ?"

"ಹೊತ್ತು ಎದುರಿಗಿತ್ತು, ನಿಮ್ಮ ಕಣ್ಣಿಗೆ ಬಿಸಿಲು ಬಡೀತಿತ್ತು, ಹಿಂಗಾಗಿ ಕಾಣಲಿಲ್ಲ, ಮನಸಿಗೆ ಹಚ್ಚಿಕೋಬ್ಯಾಡ ಅನ್ನು ಅಂದ."

ಹೊತ್ತು ನಮ್ಮ ಬೆನ್ನಿಗಿತ್ತು. ಆ ಮರದ ಮೇಲೆ ಅಷ್ಟು ದಿನ ಕೂತವನಿಗೆ ಹೊತ್ತು ಯಾವ ಕಡೆ ಏರುತ್ತದೆ ಅಂತ ಗೊತ್ತಿರಲಿಲ್ಲವೇ?

ದಾರಿಯುದ್ದಕ್ಕೂ ವಲ್ಲಿ ನನ್ನ ಮಡಿಲಲ್ಲಿತ್ತು. ನಾನು ಅದನ್ನು ಮಡಚಲೂ ಇಲ್ಲ, ಹಾಸಲೂ ಇಲ್ಲ.

ಹೊರಡುವ ದಿನ

ಆಪರೇಷನ್ ಆಗಿ ಮೂರು ವಾರಕ್ಕೆ ನಾನು ಊರಿಗೆ ಹೊರಟೆ. ವಾಲಪ್ಪ ಬಲಗೈಯನ್ನು ಕೊರಳಿಗೆ ಜೋಳಿಗೆ ಕಟ್ಟಿಕೊಂಡು ಬಂದ. ಎಡಗೈಯಲ್ಲಿ ಒಂದು ದುರ್ಬೀನು. ಹೆಂಡತಿಯದು.

ಸುಮಾ ಹೇಳಿದಳು, "ತನ್ನ ಕೂಡ ಕುಂತವರಾಗ ನಿನ್ನಷ್ಟು ಚಲೋ ಕಣ್ಣು ಇದ್ದದ್ದು ಆಕೀದೊಂದ ಅಂತ, ಯವ್ವಾ. ನೀನ ಇಟಗೋಬೇಕಂತ."

ತೆಗೆದುಕೊಂಡೆ. ಆಮೇಲೆ ಆತ ಎಡಗೈ ಚಾಚಿದ. ಆ ದೇಶದಲ್ಲಿ ಹೋಗುವವರಿಗೆ ಕೈ ಕೊಡುವುದು ವಾಡಿಕೆ. ಆದರೆ ನಾನು ಕೈ ಕೊಟ್ಟ ಮೇಲೆ ಆತ ಬಿಡಲಿಲ್ಲ, ಅಲುಗಿಸಲೂ ಇಲ್ಲ. ಸುಮ್ಮನೆ ಹಿಡಿದು ನಿಂತ. ನಾನು ಸೆರಗು ಜಗ್ಗಿ ಎರಡೂ ಕೈಗಳ ಮೇಲೆ ಹಾಕಿದೆ. ಆತನ ಕೈ ಕಾಯುತ್ತಿತ್ತು. ಹೆಬ್ಬೆರಳು ಒತ್ತಿದ್ದರೆ ಸಾಕಿತ್ತು. ಕಂಡಿದ್ದೆ ಅಂತ. ಸುಮಾಗೂ ಗೊತ್ತಾಗುತ್ತಿರಲಿಲ್ಲ, ಬ್ಯಾಡಗಿಗೂ ಗೊತ್ತಾಗುತ್ತಿರಲಿಲ್ಲ.

ನನ್ನ ಕೈ ಮತ್ತೆ ಮುಷ್ಟಿಯಾಯಿತು. ಆತ ತಲೆಯಾಡಿಸಿ, ಸೆರಗಿನ ಕೆಳಗಿಂದ ಕೈ ತೆಗೆದುಕೊಂಡು ಹೋದ.

ಬ್ಯಾಡಗಿ

ಸಾವಿತ್ರಕ್ಕ ನಮ್ಮ ಮನೆಗೆ ಬಂದರು. ನೀರು ಕೇಳಿ ಕುಡಿದರು. ಬೇಟೆಯ ಮಾತನ್ನು ಆಕೆ ಆಡಿಯೇ ಇರಲಿಲ್ಲವಂತೆ. ಪಾರವ್ವ ನನ್ನನ್ನು ಕಾಡಲು ಕಟ್ಟಿ ಹೇಳಿದ್ದಳು.

"ಅಯ್ಯ, ಚ್ಯಾಷ್ಟಿ ಮಾಡಿದ್ನೆಕ್ಕ. ನೀ ಅದನ್ನ ಖರೇ ತಿಳಕೊಂಡೇನ?" ಅಂದಳು.

ಅವಳನ್ನು ಏನು ಬಯ್ಯುವುದು? ಮುಷ್ಟಿ ಕಟ್ಟಿದ್ದು ನಾನು.

ಸುಮಾ ಫೋನು ಮಾಡಿದಾಗೊಮ್ಮೆ ಹೇಳುತ್ತಾಳೆ, ವಾಲಪ್ಪ ಈಗ ಬಿಲ್ಲನ್ನು ಯಾರಿಗೋ ಕೊಟ್ಟುಬಿಟ್ಟಿದ್ದಾನೆ, ಬೇಲಿ ಹತ್ತಿರ ಸಿಕ್ಕರೆ ನನ್ನನ್ನು ಕೇಳುತ್ತಾನೆ ಅಂತ. ಹೋದ ವರ್ಷ ನಾನು ಅವಳಿಗೆ ನಿಜ ಹೇಳಿದೆ.

"ಬರದು ಕಳಸು ಯವ್ವಾ. ನಾ ಇಂಗ್ಲಿಷಿನಾಗ ಮಾಡಿ ಆತಗ ಓದಿ ಹೇಳ್ತೀನಿ."

ಅದಕ್ಕಾಗಿಯೇ ಬರೆಯಲು ಕೂತದ್ದು. ಬರೆದು ಮುಗಿಸಿ ಟ್ರಂಕಿನಲ್ಲಿ ದುರ್ಬೀನಿನ ಕೂಡ ಇಟ್ಟೆ. ಮಳೆಗಾಲ ಹೋಯಿತು, ಹೊಸ ಕಾಯಿ ಬಂತು, ಸುಗ್ಗಿ ಮುಗಿಯಿತು. ಈಗ ತೆಗೆದು ನಿಮ್ಮ ಪತ್ರಿಕೆಗೆ ಕಳಿಸಿದ್ದೇನೆ. ನೀವು ಓದಬಲ್ಲಿರಿ. ಆತನಿಗೆ ಈ ಅಕ್ಷರ ಬಾರದು. ಸುಮಾಗೆ ಇನ್ನೂ ಕಳಿಸಿಲ್ಲ.